ಆರ್ಕಿಡ್ ಗಿಡದ ಹೊಸ ಹೂದಂಟು: ಮೊಳೆತ ದಿನದಿಂದ ಮೊದಲ ಹೂವಿನವರೆಗಿನ ಆರೈಕೆ

ನಮ್ಮ ಊರುಗಳಲ್ಲಿ ಮನೆಯೊಳಗೆ ಬೆಳೆಸುವ ಆರ್ಕಿಡ್‌ಗಳಲ್ಲಿ ಹೆಚ್ಚಿನವು ಫೆಲನಾಪ್ಸಿಸ್ ಕುಲಕ್ಕೆ ಸೇರಿದವು. ಲಾಲ್‌ಬಾಗಿನ ಜನವರಿ ಫಲಪುಷ್ಪ ಪ್ರದರ್ಶನದಲ್ಲಿಯೋ ಹತ್ತಿರದ ನರ್ಸರಿಯಲ್ಲಿಯೋ ಹೂವಿದ್ದಾಗಲೇ ಕೊಂಡು ತಂದ ಗಿಡ, ಹೂವೆಲ್ಲ ಉದುರಿದ ಮೇಲೆ ಹಲವು ತಿಂಗಳು ಬರೀ ಎಲೆಯಾಗಿ ನಿಂತಿರುತ್ತದೆ. ಚಳಿಗಾಲ ಕಾಲಿಟ್ಟ ಮೇಲೆ, ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯ ನಡುವೆ, ಒಂದು ದಿನ ಎಲೆಯ ಬುಡದಲ್ಲಿ ಹಸಿರು ಮೊಳಕೆಯೊಂದು ಇಣುಕುತ್ತದೆ. ಅಲ್ಲಿಂದ ಮೊದಲ ಹೂವು ಅರಳುವವರೆಗೆ ಮನೆಯ ವಾತಾವರಣದಲ್ಲಿ ಸುಮಾರು ಎರಡೂವರೆಯಿಂದ ನಾಲ್ಕು ತಿಂಗಳು ಹಿಡಿಯುತ್ತದೆ. ಈ ಲೇಖನ ಆ ಅವಧಿಗೆ ಮಾತ್ರ ಸಂಬಂಧಿಸಿದ್ದು.

ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ಹೂದಂಟು ಬೆಳೆಯುವುದು ಬಹುಮಟ್ಟಿಗೆ ಹಿಂದಿನ ತಿಂಗಳುಗಳಲ್ಲಿ ಎಲೆ ಮತ್ತು ಬೇರುಗಳು ಕೂಡಿಟ್ಟುಕೊಂಡ ಆಹಾರದ ಬಲದಿಂದ. ದಂಟು ಕಂಡ ಮೇಲೆ ಗಿಡಕ್ಕೆ ಹೊಸದಾಗಿ ಬೇಕಾದದ್ದು ಬಹಳ ಕಡಿಮೆ. ಇದ್ದದ್ದು ಇದ್ದ ಹಾಗೆ ಉಳಿಯುವುದೇ ಅದಕ್ಕೆ ಬೇಕು. ಹೂದಂಟು ಬಂದ ಖುಷಿಯಲ್ಲಿ ಕುಂಡ ಬದಲಿಸಿ, ಜಾಗ ಬದಲಿಸಿ, ಗೊಬ್ಬರ ಹೆಚ್ಚಿಸಿ, ದಿನಕ್ಕೆ ಎರಡು ಸಲ ನೀರು ಸಿಂಪಡಿಸಿದ ಗಿಡಗಳೇ ಮೊಗ್ಗು ಕಳೆದುಕೊಳ್ಳುವುದು ಹೆಚ್ಚು.

ದಂಟೋ ಬೇರೋ?

ಫೆಲನಾಪ್ಸಿಸ್ ಗಿಡ ಗಾಳಿಬೇರನ್ನೂ ಹೂದಂಟನ್ನೂ ಹೆಚ್ಚುಕಡಿಮೆ ಒಂದೇ ಕಡೆಯಿಂದ ಹೊರಡಿಸುವುದರಿಂದ ಮೊದಲ ವಾರದಲ್ಲಿ ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಸುಲಭವಲ್ಲ. ಹೂದಂಟು ಎಲೆಯ ಕಂಕುಳಿನಿಂದ, ಸಾಮಾನ್ಯವಾಗಿ ಮೇಲಿನಿಂದ ಎರಡನೆಯ, ಮೂರನೆಯ ಅಥವಾ ನಾಲ್ಕನೆಯ ಎಲೆಯ ಬುಡದಿಂದ, ಎಲೆಯ ನಡುನರದ ನೇರಕ್ಕೆ ಹೊರಬರುತ್ತದೆ. ಬೇರಿಗೆ ಅಂತಹ ಶಿಸ್ತಿಲ್ಲ. ಅದು ಕಾಂಡದ ಯಾವ ಮಗ್ಗುಲಿನಿಂದಲಾದರೂ, ಕೆಲವೊಮ್ಮೆ ಎಲೆಯ ಬುಡವನ್ನೇ ಸೀಳಿಕೊಂಡು ಬರಬಹುದು.

ಭೂತಗನ್ನಡಿ ಇದ್ದರೆ ತುದಿಯನ್ನು ಹತ್ತಿರದಿಂದ ನೋಡಿ. ಬೇರಿನ ತುದಿ ಗುಂಡಗೆ, ನುಣ್ಣಗೆ, ಹೊಳೆಯುವ ಹಸಿರು ಅಥವಾ ಕೆಂಗಂದು ಬಣ್ಣದಲ್ಲಿದ್ದು, ಅದರ ಹಿಂದಿನ ಭಾಗ ಕೆಲವೇ ದಿನಗಳಲ್ಲಿ ಬೂದುಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಹೂದಂಟಿನ ತುದಿ ತುಸು ಚಪ್ಪಟೆಯಾಗಿ, ಒಂದು ಬದಿಗೆ ಮೊನಚಾಗಿರುತ್ತದೆ. ಒಂದರ ಮೇಲೊಂದು ಮುಚ್ಚಿಕೊಂಡ ಪುಟ್ಟ ಹೊದಿಕೆಗಳ ಅಂಚು ಅಲ್ಲಿ ಗೆರೆಯಂತೆ ಕಾಣುತ್ತದೆ, ಮತ್ತು ದಂಟು ಎರಡು ಮೂರು ಸೆಂಟಿಮೀಟರ್ ಉದ್ದವಾಗುವಷ್ಟರಲ್ಲಿ ಮೊದಲ ಗಂಟು ಸ್ಪಷ್ಟವಾಗಿ ಮೂಡುತ್ತದೆ. ಗಂಟು ಕಂಡಿತೆಂದರೆ ಅನುಮಾನ ಬೇಡ, ಅದು ದಂಟೇ. ಅಲ್ಲಿಯವರೆಗೆ ಬೆರಳಿನಿಂದ ಒತ್ತುವುದಾಗಲಿ, ಬೇರೆಂದು ಭಾವಿಸಿ ಕುಂಡದೊಳಕ್ಕೆ ತಿರುಗಿಸಲು ಯತ್ನಿಸುವುದಾಗಲಿ ಮಾಡಬಾರದು, ಏಕೆಂದರೆ ಈ ಹಂತದಲ್ಲಿ ತುದಿ ಎಷ್ಟು ಎಳಸಾಗಿರುತ್ತದೆಂದರೆ ಉಗುರು ತಗುಲಿದರೂ ಚಟ್ಟನೆ ಮುರಿಯುತ್ತದೆ.

ಹೂ ಹೊರುವ ಶಕ್ತಿ ಗಿಡಕ್ಕಿದೆಯೇ?

ಎಲ್ಲ ಹೂದಂಟನ್ನೂ ಉಳಿಸಿಕೊಳ್ಳಲೇಬೇಕೆಂದಿಲ್ಲ. ದಪ್ಪನೆಯ, ಬಿಗಿಯಾದ ನಾಲ್ಕೈದು ಎಲೆಗಳೂ, ಪಾರದರ್ಶಕ ಕುಂಡದ ಗೋಡೆಯ ಮೂಲಕ ಕಾಣುವಂತಹ ಗಟ್ಟಿ ಬೇರುಗಳೂ ಇರುವ ಗಿಡ ಒಂದು ದಂಟನ್ನು ನಿರಾಯಾಸವಾಗಿ ಹೊರುತ್ತದೆ, ಕೆಲವೊಮ್ಮೆ ಎರಡನ್ನೂ ಹೊರುತ್ತದೆ. ಆದರೆ ಎಲೆಗಳು ಎರಡು ಮೂರೇ ಇದ್ದು, ಅವೂ ಸುಕ್ಕುಗಟ್ಟಿ ಜೋತುಬಿದ್ದಿದ್ದರೆ, ಬೇರುಗಳನ್ನು ಮುಟ್ಟಿದಾಗ ಕಂದು ಸಿಪ್ಪೆ ಜಾರಿ ಒಳಗಿನ ದಾರದಂತಹ ನಾರು ಮಾತ್ರ ಕೈಗೆ ಬಂದರೆ, ಆ ಗಿಡ ತನ್ನ ಕೊನೆಯ ಉಳಿತಾಯವನ್ನು ಹೂವಿಗೆ ಸುರಿಯುತ್ತಿದೆಯೆಂದು ತಿಳಿಯಬೇಕು. ಅಂತಹ ಗಿಡದ ದಂಟನ್ನು ಚಿಕ್ಕದಿರುವಾಗಲೇ ಬುಡದಿಂದ ಎರಡು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಒಂದು ವರ್ಷ ಬೇರು ಮತ್ತು ಎಲೆ ಬೆಳೆಸಲು ಬಿಡುವುದೇ ಲೇಸು. ಮನಸ್ಸಿಗೆ ಕಷ್ಟವಾದರೂ ಗಿಡ ಉಳಿಯುವ ದಾರಿ ಇದೇ. ಮೊಗ್ಗುಗಳು ಆಗಲೇ ದಪ್ಪವಾಗಿದ್ದರೆ ಕತ್ತರಿಸಿದ ದಂಟನ್ನು ನೀರಿನ ಹೂದಾನಿಯಲ್ಲಿಟ್ಟರೂ ಅವುಗಳಲ್ಲಿ ಕೆಲವು ಅರಳುತ್ತವೆ.

ಗಿಡ ಚೆನ್ನಾಗಿದ್ದು ಕುಂಡದ ಒಳಗೆ ಮಣ್ಣಿನ ಬದಲು ತುಂಬಿದ ತೊಗಟೆ ಮಾತ್ರ ಹಳೆಯದಾಗಿದ್ದರೆ, ಕುಂಡ ಬದಲಿಸುವ ಕೆಲಸವನ್ನು ಹೂವು ಮುಗಿಯುವವರೆಗೆ ಮುಂದೂಡಬೇಕು. ಬೇರು ಅಲುಗಾಡಿದ ಗಿಡ ಮೊದಲು ಬಿಟ್ಟುಕೊಡುವುದೇ ಹೂದಂಟನ್ನು.

ಜಾಗ, ಬೆಳಕು, ದಿಕ್ಕು

ದಂಟು ಕಂಡಾಗ ಗಿಡ ಯಾವ ಜಾಗದಲ್ಲಿದೆಯೋ ಅದೇ ಜಾಗದಲ್ಲಿ ಇರಲಿ; ದಂಟು ಹೊರಡಿಸುವಷ್ಟು ಬೆಳಕು ಅಲ್ಲಿ ಸಿಕ್ಕಿದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಪೂರ್ವದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು: ಬೆಳಗಿನ ಒಂದೆರಡು ಗಂಟೆಯ ಎಳೆಬಿಸಿಲು, ಆಮೇಲೆ ದಿನವಿಡೀ ತಿಳಿ ಬೆಳಕು. ದಕ್ಷಿಣದ ಕಿಟಕಿಯಲ್ಲಿ ಎಚ್ಚರ ಅಗತ್ಯ, ಏಕೆಂದರೆ ಡಿಸೆಂಬರ್, ಜನವರಿಗಳಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ಮಳೆಗಾಲದಲ್ಲಿ ನೆರಳಿದ್ದ ಕಿಟಕಿಕಟ್ಟೆಗೆ ಆ ತಿಂಗಳುಗಳಲ್ಲಿ ನೇರ ಬಿಸಿಲು ಬೀಳುತ್ತದೆ; ತೆಳುವಾದ ಬಿಳಿ ಪರದೆಯೊಂದನ್ನು ಎಳೆದರೆ ಸಾಕಾಗುತ್ತದೆ. ಬೆಳಕು ಸಾಕಷ್ಟಿದೆಯೇ ಎಂದು ನೋಡಲು ಎಲೆಯಿಂದ ಒಂದು ಅಡಿ ಮೇಲೆ ಅಂಗೈ ಹಿಡಿಯಿರಿ: ಅಂಚು ಮಸುಕಾದ ನೆರಳು ಬಿದ್ದರೆ ಸರಿ, ನೆರಳೇ ಕಾಣದಿದ್ದರೆ ಬೆಳಕು ಕಡಿಮೆ, ಬೆರಳುಗಳು ಚೂಪಾಗಿ ಮೂಡಿದರೆ ಹೆಚ್ಚು. ಮಧ್ಯಾಹ್ನ ಎಲೆಯನ್ನು ಮುಟ್ಟಿದಾಗ ಕೈಗೆ ಬೆಚ್ಚಗೆ ತಾಗುವಂತಿದ್ದರೆ ಒಂದೆರಡು ಅಡಿ ಒಳಕ್ಕೆ ಸರಿಸಬೇಕು.

ಹೂದಂಟು ಬೆಳಕಿನತ್ತ ಬಾಗಿ ಬೆಳೆಯುತ್ತದೆ, ಮೊಗ್ಗುಗಳೂ ಬೆಳಕಿನ ದಿಕ್ಕಿಗೆ ಅನುಗುಣವಾಗಿ ತೊಟ್ಟನ್ನು ತಿರುಚಿಕೊಂಡು ಮುಖ ಮಾಡುತ್ತವೆ. ದಂಟು ಸೊಟ್ಟಗಾಗುತ್ತಿದೆಯೆಂದು ಎರಡು ದಿನಕ್ಕೊಮ್ಮೆ ಕುಂಡವನ್ನು ತಿರುಗಿಸುತ್ತಿದ್ದರೆ ದಂಟು ಹಾವಿನಂತೆ ಅಂಕುಡೊಂಕಾಗಿ, ಹೂಗಳು ಒಂದೊಂದು ಒಂದೊಂದು ಕಡೆಗೆ ನೋಡುತ್ತವೆ. ನರ್ಸರಿಯ ಗಿಡಗಳಲ್ಲಿ ಹೂಗಳೆಲ್ಲ ಒಂದೇ ಸಾಲಿನಲ್ಲಿ ಒಂದೇ ಕಡೆಗೆ ಮುಖ ಮಾಡಿರುವುದರ ಗುಟ್ಟು ಇಷ್ಟೇ: ಅವುಗಳನ್ನು ಯಾರೂ ತಿರುಗಿಸಿಲ್ಲ. ಕುಂಡದ ಅಂಚಿನಲ್ಲಿ ಕಿಟಕಿಯ ಕಡೆಗೆ ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕೆ ಇಟ್ಟುಕೊಂಡರೆ, ನೀರು ಹಾಕಲು ಸಿಂಕಿಗೆ ಒಯ್ದು ತಂದಾಗಲೂ ಚುಕ್ಕೆಯನ್ನು ಕಿಟಕಿಗೆ ಮಾಡಿ ಹಿಂದಿನಂತೆಯೇ ಇಡಬಹುದು.

ತಂಪು ಮತ್ತು ಸೆಕೆ

ಫೆಲನಾಪ್ಸಿಸ್ ಹೂದಂಟು ಹೊರಡಿಸುವುದು ಹಗಲಿನ ಉದ್ದ ನೋಡಿಕೊಂಡಲ್ಲ, ತಂಪು ನೋಡಿಕೊಂಡು. ಹಗಲಿನ ಉಷ್ಣಾಂಶ ಕೆಲವು ವಾರಗಳ ಕಾಲ ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಿಂದ ಕೆಳಗಿದ್ದು, ರಾತ್ರಿ ಅದಕ್ಕಿಂತ ಇನ್ನಷ್ಟು ಇಳಿದರೆ ಅದಕ್ಕೆ ಸೂಚನೆ ಸಿಕ್ಕಂತೆ. ಬೆಂಗಳೂರು, ಮೈಸೂರು, ಹಾಸನ, ಮಡಿಕೇರಿಗಳಲ್ಲಿ ಇದು ಚಳಿಗಾಲದಲ್ಲಿ ತಾನಾಗಿಯೇ ಒದಗುತ್ತದೆ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಜನವರಿಯ ಹಗಲಿನಲ್ಲೂ 30 ಡಿಗ್ರಿ ದಾಟುವುದರಿಂದ ಎಷ್ಟು ಚೆನ್ನಾಗಿ ಸಾಕಿದ ಗಿಡವೂ ದಂಟು ಕೊಡಲು ಹಿಂಜರಿಯುತ್ತದೆ. ಕರಾವಳಿಯವರು ಇದರ ಹಿಂದೆ ಬಿದ್ದು ಬೇಸರಪಡುವ ಬದಲು ಸೆಕೆಗೆ ಒಗ್ಗುವ ಡೆಂಡ್ರೋಬಿಯಂ ಕುಲದ ಆರ್ಕಿಡ್ ಬೆಳೆಸುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಚಳಿದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ತೊಂದರೆ ಇನ್ನೊಂದು ಬಗೆಯದು: ದಂಟು ಸುಲಭವಾಗಿ ಬರುತ್ತದೆ, ಆದರೆ ಹೀಟರಿನ ಒಣಗಾಳಿ ಒಂದು ಕಡೆ, ಮಂಜುಗಟ್ಟುವ ಕಿಟಕಿಗಾಜು ಇನ್ನೊಂದು ಕಡೆ ಅದನ್ನು ಕಾಡುತ್ತವೆ. ಗಾಜಿಗೆ ಎಲೆಯಾಗಲಿ ದಂಟಾಗಲಿ ತಗಲದಂತೆ ಒಂದು ಗೇಣು ಒಳಗಿಟ್ಟು, ಹೀಟರಿನಿಂದ ದೂರವಿಡಬೇಕು.

ದಂಟು ಬಂದ ಮೇಲೆ ಹಗಲು 20ರಿಂದ 27, ರಾತ್ರಿ 16ರಿಂದ 20 ಡಿಗ್ರಿಯ ಆಸುಪಾಸು ಇದ್ದರೆ ಬೆಳವಣಿಗೆ ಸರಾಗ. ರಾತ್ರಿ ತುಂಬ ತಂಪಾದರೆ ಬೆಳವಣಿಗೆ ನಿಧಾನವಾಗುತ್ತದೆಯೇ ಹೊರತು ಸಾಮಾನ್ಯವಾಗಿ ನಿಲ್ಲುವುದಿಲ್ಲ; ಬೀದರ್‌ನಂತಹ ಕಡೆ ಡಿಸೆಂಬರಿನ ರಾತ್ರಿ ಗಿಡವನ್ನು ಬಾಲ್ಕನಿಯಲ್ಲಿ ಬಿಡದೆ ಒಳಗಿಟ್ಟುಕೊಂಡರೆ ಸಾಕು. ನಿಜವಾದ ಅಪಾಯ ಇರುವುದು ಸೆಕೆಯಲ್ಲಿ. ದಂಟು ಇನ್ನೂ ಬೆರಳುದ್ದವಿರುವಾಗ ಹಗಲಿನ ಉಷ್ಣಾಂಶ 28–29 ಡಿಗ್ರಿಯನ್ನು ದಾಟಿ ವಾರಗಟ್ಟಲೆ ನಿಂತರೆ ದಂಟು ಅಲ್ಲಿಯೇ ತಡೆದು ನಿಲ್ಲಬಹುದು, ಇಲ್ಲವೇ ಮೊಗ್ಗು ಬರಬೇಕಾದ ಗಂಟಿನಲ್ಲಿ ಎಲೆ ಮೂಡಿ ಮರಿಗಿಡ ಹುಟ್ಟಬಹುದು. ಹೀಗಾಗಿ ಡಿಸೆಂಬರಿನಲ್ಲಿ ಬಂದ ದಂಟಿಗಿಂತ ಫೆಬ್ರವರಿ ಕೊನೆಯಲ್ಲಿ ಬಂದ ದಂಟಿಗೆ ಹೆಚ್ಚಿನ ಕಾವಲು ಬೇಕು. ಬೆಂಗಳೂರಿನಲ್ಲಿ ಮಾರ್ಚ್, ಏಪ್ರಿಲ್ ತಿಂಗಳುಗಳು ಅದಕ್ಕೆ ಪರೀಕ್ಷೆಯ ಕಾಲ. ಮಧ್ಯಾಹ್ನದ ಬಿಸಿಲಿಗೆ ಕಾಯುವ ಪಶ್ಚಿಮದ ಗೋಡೆಯಿಂದ ದೂರವಿರುವ, ಮನೆಯ ಅತ್ಯಂತ ತಂಪಾದ, ಆದರೆ ಬೆಳಕಿರುವ ಕೋಣೆಯನ್ನು ಮೊದಲೇ ಗೊತ್ತುಮಾಡಿಕೊಂಡು, ಸೆಕೆ ಏರುವ ಮುನ್ನವೇ ಗಿಡವನ್ನು ಅಲ್ಲಿಗೆ ಒಯ್ಯಬೇಕು. ಜಾಗ ಬದಲಿಸಬಾರದೆಂಬ ನಿಯಮಕ್ಕೆ ಇದೊಂದು ಅಪವಾದ. ಎಸಿ ಇರುವ ಕೋಣೆಯಾದರೆ ಅದರ ಗಾಳಿ ನೇರವಾಗಿ ಬಡಿಯುವ ಜಾಗವನ್ನು ತಪ್ಪಿಸಿ.

ನೀರು

ಕಾಡಿನಲ್ಲಿ ಮರದ ಕೊಂಬೆಗೆ ಅಂಟಿಕೊಂಡು ಬದುಕುವ ಈ ಗಿಡದ ಬೇರಿನ ಮೇಲೆ ಸ್ಪಂಜಿನಂತಹ ಒಂದು ಪದರವಿರುತ್ತದೆ. ಮಳೆ ಬಂದಾಗ ಅದು ನೀರನ್ನು ಹೀರಿ ಹಸಿರಾಗುತ್ತದೆ, ಒಣಗಿದಾಗ ಗಾಳಿ ತುಂಬಿಕೊಂಡು ಬೆಳ್ಳಗಾಗುತ್ತದೆ. ನೀರು ಯಾವಾಗ ಹಾಕಬೇಕೆಂಬುದನ್ನು ಕ್ಯಾಲೆಂಡರಿಗಿಂತ ಈ ಬಣ್ಣವೇ ನಿಖರವಾಗಿ ಹೇಳುತ್ತದೆ. ಪಾರದರ್ಶಕ ಕುಂಡದ ಬದಿಯಲ್ಲಿ ಕಾಣುವ ಬೇರುಗಳು ಹಸಿರಾಗಿದ್ದು ಒಳಗೋಡೆಯ ಮೇಲೆ ಹನಿಗಳು ಕೂತಿದ್ದರೆ ನೀರು ಬೇಡ. ಬೇರುಗಳು ಬೆಳ್ಳಿಬೂದು ಬಣ್ಣಕ್ಕೆ ತಿರುಗಿ ಕುಂಡ ಎತ್ತಿದಾಗ ಹಗುರವೆನಿಸಿದರೆ ಹಾಕಬೇಕು. ತೆಂಗಿನ ಸಿಪ್ಪೆಯ ತುಂಡು, ಇದ್ದಿಲು ಅಥವಾ ಮರದ ತೊಗಟೆ ತುಂಬಿದ ಕುಂಡ ಬೇಗ ಒಣಗುತ್ತದೆ. ಅಂಗಡಿಯಿಂದ ಬರುವ ಗಿಡಗಳನ್ನು ಬಹುಪಾಲು ಸ್ಫ್ಯಾಗ್ನಂ ಪಾಚಿಯಲ್ಲಿ ನೆಟ್ಟಿರುತ್ತಾರೆ. ಅದರ ಮೇಲ್ಭಾಗ ಗರಿಗರಿಯಾಗಿ ಒಣಗಿದ್ದರೂ ನಡುವಿನಲ್ಲಿ ಒದ್ದೆ ಉಳಿದಿರುತ್ತದೆಯಾದ್ದರಿಂದ ಬಿದಿರು ಕಡ್ಡಿಯೊಂದನ್ನು ನಿಧಾನವಾಗಿ ಒಳಕ್ಕೆ ಚುಚ್ಚಿ, ಹೊರತೆಗೆದು, ತೇವವಿದೆಯೇ ಎಂದು ನೋಡಿಯೇ ನೀರು ಹಾಕಬೇಕು.

ಹೂದಂಟು ಬೆಳೆಯುವಾಗ ಗಿಡಕ್ಕೆ ನೀರಿನ ಅಗತ್ಯ ತುಸು ಹೆಚ್ಚುತ್ತದೆ. ಹಾಗೆಂದು ಕುಂಡವನ್ನು ಸದಾ ಒದ್ದೆಯಾಗಿಡಬೇಕೆಂದಲ್ಲ; ಇತರ ದಿನಗಳಲ್ಲಿ ಪೂರ್ತಿ ಒಣಗಿದ ಮೇಲೂ ಒಂದೆರಡು ದಿನ ಕಾಯುತ್ತಿದ್ದವರು ಈಗ ಕಾಯದೆ, ಒಣಗುತ್ತಿದ್ದಂತೆಯೇ ಹಾಕಬೇಕು ಎಂದಷ್ಟೇ ಇದರ ಅರ್ಥ. ಮೊಗ್ಗುಗಳು ಮೂಡಿದ ಮೇಲೆ ಒಮ್ಮೆ ಪೂರ್ತಿ ಬಾಯಾರಿದರೂ ಗಿಡ ಅವುಗಳನ್ನು ಉದುರಿಸುತ್ತದೆ. ಬೆಳಗಿನ ಹೊತ್ತು ಕೋಣೆಯ ಉಷ್ಣಾಂಶದ ನೀರನ್ನು ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಂತೆ ಹಾಕಿ, ಅಥವಾ ಒಳಕುಂಡವನ್ನು ಹತ್ತು ಹದಿನೈದು ನಿಮಿಷ ನೀರಿನಲ್ಲಿ ಅದ್ದಿಟ್ಟು, ಪೂರ್ತಿ ಬಸಿದ ಮೇಲೆ ಅಲಂಕಾರದ ಹೊರಕುಂಡಕ್ಕೆ ಮರಳಿ ಇಡಬೇಕು. ಹೊರಕುಂಡದ ತಳದಲ್ಲಿ ಕಣ್ಣಿಗೆ ಕಾಣದೆ ನಿಂತ ಎರಡು ಬೆರಳು ನೀರು ಕೊಳೆಸಿದಷ್ಟು ಆರ್ಕಿಡ್‌ಗಳನ್ನು ಬೇರೆ ಯಾವುದೂ ಕೊಳೆಸಿರಲಾರದು.

ಎಲೆಗಳು ಕೂಡುವ ಸುಳಿಯಲ್ಲಿ ನೀರು ನಿಲ್ಲಬಾರದು. ಅಡಿಕೆ, ತೆಂಗು ಬೆಳೆಯುವವರಿಗೆ ಸುಳಿಕೊಳೆ ಎಂದರೆ ವಿವರಿಸಬೇಕಿಲ್ಲ. ಇಲ್ಲಿಯೂ ಸುಳಿ ಹೋಯಿತೆಂದರೆ ಗಿಡ ಹೋದಂತೆಯೇ, ಏಕೆಂದರೆ ಫೆಲನಾಪ್ಸಿಸ್ ಬೆಳೆಯುವುದು ಆ ಒಂದೇ ತುದಿಯಿಂದ. ಹನಿ ಬಿದ್ದರೆ ಟಿಶ್ಯೂ ಕಾಗದದ ಮೂಲೆಯನ್ನು ತಾಗಿಸಿ ಹೀರಿಸಿಬಿಡಿ.

ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಸಿಗುವ ಬೋರ್‌ವೆಲ್ ನೀರು ಗಡುಸು. ಅದರ ಲವಣ ಬೇರಿನ ತುದಿಯನ್ನು ಸುಡುತ್ತದೆ, ಕುಂಡದ ಅಂಚಿನಲ್ಲಿ ಬಿಳಿ ಪುಡಿಯಾಗಿ ಕೂರುತ್ತದೆ. ಹಿಡಿದಿಟ್ಟ ಮಳೆನೀರು ಇದ್ದರೆ ಅತ್ಯುತ್ತಮ. ಇಲ್ಲದಿದ್ದರೆ ಆರ್‌ಒ ಯಂತ್ರದ ಶುದ್ಧ ನೀರು ಬಳಸಬಹುದು. ಅದೇ ಯಂತ್ರ ಹೊರಬಿಡುವ ತ್ಯಾಜ್ಯ ನೀರನ್ನು ಮಾತ್ರ, ಪೋಲಾಗಬಾರದೆಂಬ ಸದುದ್ದೇಶದಿಂದಲೂ, ಈ ಗಿಡಕ್ಕೆ ಹಾಕಬೇಡಿ: ಶುದ್ಧಗೊಳಿಸಿದ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲಿಯೇ ಇರುತ್ತದೆ.

ಗಾಳಿಯಲ್ಲಿ ತೇವಾಂಶ ಶೇಕಡಾ 50ರಿಂದ 70ರಷ್ಟಿದ್ದರೆ ಹಿತ. ಒಣಹವೆಯ ಊರುಗಳಲ್ಲಿ ಅಗಲವಾದ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ಕಲ್ಲಿನ ಅರ್ಧದವರೆಗೆ ನೀರು ತುಂಬಿ, ನೀರು ತಾಗದಂತೆ ಕುಂಡವನ್ನು ಕಲ್ಲಿನ ಮೇಲೆ ಕೂರಿಸಬಹುದು. ಹತ್ತಿರ ಹತ್ತಿರ ಕೆಲವು ಗಿಡಗಳನ್ನಿಟ್ಟರೂ ಸ್ವಲ್ಪ ಪ್ರಯೋಜನವಿದೆ. ಮೊಗ್ಗುಗಳ ಮೇಲೆ ನೀರು ಸಿಂಪಡಿಸುವುದು ಬೇಡ. ರಾತ್ರಿಯಿಡೀ ಒದ್ದೆಯಾಗಿ ಉಳಿದ ಮೊಗ್ಗು ಮತ್ತು ದಳಗಳ ಮೇಲೆ ಬೂದು ಬೂಷ್ಟಿನ ಕಂದು ಚುಕ್ಕೆಗಳು ಏಳುತ್ತವೆ.

ಗೊಬ್ಬರ

ಈ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಕೃಷಿ ಅಂಗಡಿಗಳಲ್ಲಿ ಸಿಗುವ, ನೀರಿನಲ್ಲಿ ಪೂರ್ತಿ ಕರಗುವ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮಪಾಲಿನಲ್ಲಿರುವುದು) ಎರಡು ಲೀಟರ್ ನೀರಿಗೆ ಕಾಲು ಟೀ ಚಮಚದಂತೆ ಕರಗಿಸಿ, ಹತ್ತು ಹದಿನೈದು ದಿನಕ್ಕೊಮ್ಮೆ, ಮೊದಲು ಬರೀ ನೀರಿನಿಂದ ಬೇರು ನೆನೆಸಿ, ಆಮೇಲೆ ಕೊಟ್ಟರೆ ಸಾಕು. ತಿಂಗಳಿಗೊಮ್ಮೆ ಗೊಬ್ಬರವಿಲ್ಲದ ನೀರನ್ನು ಧಾರಾಳವಾಗಿ ಹರಿಸಿ ಉಳಿದ ಲವಣವನ್ನು ತೊಳೆಯಬೇಕು. ಹೂವಿಗೆಂದೇ ಮಾರುವ, ರಂಜಕ ಹೆಚ್ಚಿರುವ ಗೊಬ್ಬರದಿಂದ ಈಗಾಗಲೇ ಬಂದ ದಂಟಿಗೆ ವಿಶೇಷ ಲಾಭವಿಲ್ಲ. ಮೊಗ್ಗುಗಳು ಅರಳತೊಡಗಿದ ಮೇಲೆ ಗೊಬ್ಬರವನ್ನು ನಿಲ್ಲಿಸಿದರೂ ನಡೆಯುತ್ತದೆ.

ಅಕ್ಕಿ ತೊಳೆದ ನೀರು, ಮಜ್ಜಿಗೆ, ಬಾಳೆಸಿಪ್ಪೆ ನೆನೆಸಿದ ನೀರು, ಈರುಳ್ಳಿ ಸಿಪ್ಪೆಯ ಕಷಾಯ, ಜೀವಾಮೃತ ಇವೆಲ್ಲ ಮಣ್ಣಿನ ಗಿಡಗಳಿಗೆ ಒಳ್ಳೆಯವೇ ಇರಬಹುದು. ಆದರೆ ಆರ್ಕಿಡ್ ಇರುವುದು ಮಣ್ಣಿನಲ್ಲಲ್ಲ. ತೊಗಟೆ, ಇದ್ದಿಲುಗಳ ನಡುವೆ ಇಂತಹ ವಸ್ತುಗಳು ಸರಿಯಾಗಿ ಕಳಿತು ಗೊಬ್ಬರವಾಗುವ ಬದಲು ಕೊಳೆತು ನಾರುತ್ತವೆ, ಬೇರಿಗೆ ಗಾಳಿ ಸಿಗದಂತೆ ಮಾಡುತ್ತವೆ, ಚಿಕ್ಕ ಕಪ್ಪು ನೊಣಗಳನ್ನು ಕರೆತರುತ್ತವೆ. ಎಲೆ ಹೊಳೆಯಲೆಂದು ಹಾಲು ಸವರುವ ರೂಢಿಯೂ ಬೇಡ. ಒದ್ದೆ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು.

ಆಸರೆ ಕೋಲು ಕಟ್ಟುವುದು

ದಂಟನ್ನು ನಿಲ್ಲಿಸುವ ಕೆಲಸದಲ್ಲಿಯೇ ಹೆಚ್ಚಿನವರ ಕೈ ನಡುಗುವುದು, ಮತ್ತು ದಂಟು ಮುರಿಯುವುದೂ ಹೆಚ್ಚಾಗಿ ಆಗಲೇ. ಆದ್ದರಿಂದ ಇದನ್ನು ಅವಸರವಿಲ್ಲದೆ ಎರಡು ಭಾಗ ಮಾಡಿಕೊಳ್ಳುವುದು ಒಳ್ಳೆಯದು. ದಂಟು ಹತ್ತು ಹನ್ನೆರಡು ಸೆಂಟಿಮೀಟರ್ ಇರುವಾಗ ಕೋಲನ್ನು ಮಾತ್ರ ನೆಡಬೇಕು, ಕಟ್ಟುವ ಕೆಲಸ ಆಮೇಲೆ. ಪೆನ್ಸಿಲಿಗಿಂತ ತೆಳ್ಳಗಿನ, ಐವತ್ತು ಅರವತ್ತು ಸೆಂಟಿಮೀಟರ್ ಉದ್ದದ ಬಿದಿರು ಕಡ್ಡಿಯನ್ನು ದಂಟಿನ ಬುಡದ ಹತ್ತಿರ ಇಟ್ಟು, ನಿಧಾನವಾಗಿ ತಿರುಗಿಸುತ್ತ ಕೆಳಗಿಳಿಸಿ. ಎಲ್ಲಿಯಾದರೂ ಅಡ್ಡಿ ಸಿಕ್ಕರೆ ಅದು ಬೇರು ಇರಬಹುದು. ಒತ್ತದೆ ಕಡ್ಡಿಯನ್ನು ಮೇಲೆತ್ತಿ ಅರ್ಧ ಸೆಂಟಿಮೀಟರ್ ಪಕ್ಕಕ್ಕೆ ಸರಿಸಿ ಮತ್ತೆ ಇಳಿಸಿ. ಕಡ್ಡಿ ತಳ ಮುಟ್ಟಿ ಅಲುಗಾಡದೆ ನಿಲ್ಲಬೇಕು.

ದಂಟು ಇಪ್ಪತ್ತು ಸೆಂಟಿಮೀಟರ್ ದಾಟಿದ ಮೇಲೆ ಮೊದಲ ಕಟ್ಟು. ನೀರು ಹಾಕಿದ ಬೆಳಿಗ್ಗೆ ದಂಟು ನೀರು ತುಂಬಿಕೊಂಡು ಗಡುಸಾಗಿರುತ್ತದೆ, ಆಗ ಬಗ್ಗಿಸಿದರೆ ಒಡೆಯುವ ಸಂಭವ ಹೆಚ್ಚು. ನೀರು ಹಾಕುವ ಹಿಂದಿನ ದಿನದ ಮಧ್ಯಾಹ್ನ, ಹವೆ ಬೆಚ್ಚಗಿರುವಾಗ, ಅದು ಹೆಚ್ಚು ಬಳುಕುತ್ತದೆ. ಕಟ್ಟಲು ಉಣ್ಣೆಯ ನೂಲು, ಮೆತ್ತನೆಯ ಹತ್ತಿದಾರ ಅಥವಾ ಆರ್ಕಿಡ್‌ಗೆಂದು ಸಿಗುವ ಪುಟ್ಟ ಪ್ಲಾಸ್ಟಿಕ್ ಕ್ಲಿಪ್ ಆಗಬಹುದು. ದಾರವಾದರೆ ಕಡ್ಡಿಯನ್ನು ಒಮ್ಮೆ ಸುತ್ತಿ, ನಡುವೆ ಅಡ್ಡ ಹಾಯಿಸಿ, ದಂಟಿನ ಸುತ್ತ ಸಡಿಲವಾಗಿ ಒಂದು ಕುಣಿಕೆ ಮಾಡಿ, ಗಂಟನ್ನು ಕಡ್ಡಿಯ ಬದಿಗೆ ಹಾಕಬೇಕು. ಆ ಕುಣಿಕೆಯೊಳಗೆ ಒಂದು ಊದುಬತ್ತಿಯ ಕಡ್ಡಿ ತೂರುವಷ್ಟು ಜಾಗ ಉಳಿದರೆ ಹದವಾಗಿದೆಯೆಂದು ಅರ್ಥ, ಏಕೆಂದರೆ ದಂಟು ಮುಂದೆ ದಪ್ಪವಾಗುತ್ತದೆ. ಕಟ್ಟು ಬೀಳಬೇಕಾದದ್ದು ದಂಟಿನ ಗಂಟಿನ ತುಸು ಕೆಳಗೆ, ಗಂಟಿನ ಮೇಲಲ್ಲ.

ದಂಟು ಕಡ್ಡಿಯಿಂದ ದೂರ ವಾಲಿದ್ದರೆ ಒಂದೇ ಸಲಕ್ಕೆ ಎಳೆದು ತರಬೇಡಿ. ಇಂದು ಒಂದಿಷ್ಟು, ನಾಲ್ಕೈದು ದಿನ ಬಿಟ್ಟು ಇನ್ನೊಂದಿಷ್ಟು ಹತ್ತಿರ ತರಬೇಕು. ಒಂದು ಕೈಯ ಹೆಬ್ಬೆರಳನ್ನು ದಂಟಿನ ಬುಡಕ್ಕೆ ಆನಿಸಿಕೊಂಡು ಇನ್ನೊಂದು ಕೈಯಿಂದ ನಡುಭಾಗವನ್ನು ಸರಿಸಿದರೆ ಬುಡದಲ್ಲಿ ಭಾರ ಬೀಳುವುದಿಲ್ಲ. ತುದಿಯ ಐದಾರು ಸೆಂಟಿಮೀಟರನ್ನು ಎಂದಿಗೂ ಕಟ್ಟಬಾರದು. ಅಷ್ಟು ಭಾಗ ಇನ್ನೂ ಬೆಳೆಯುತ್ತಿರುತ್ತದೆ, ಗಾಜಿನಂತೆ ಒಡೆಯುತ್ತದೆ. ದಂಟು ಬೆಳೆದಂತೆ ಎಂಟು ಹತ್ತು ಸೆಂಟಿಮೀಟರಿಗೊಂದು ಕಟ್ಟು ಹಾಕುತ್ತ ಹೋಗಿ, ಮೊದಲ ಮೊಗ್ಗು ಸ್ಪಷ್ಟವಾದಾಗ ಅದರ ಕೆಳಗೆ ಕೊನೆಯ ಕಟ್ಟು ಹಾಕಿದರೆ, ಅದರ ಮುಂದಿನ ಭಾಗ ಮೊಗ್ಗಿನ ಭಾರಕ್ಕೆ ತಾನಾಗಿ ಕಮಾನಿನಂತೆ ಬಾಗುತ್ತದೆ. ಹಗುರವಾದ ಪ್ಲಾಸ್ಟಿಕ್ ಕುಂಡ ಆ ಭಾರಕ್ಕೆ ಮಗುಚದಂತೆ ಅದನ್ನು ಮಣ್ಣಿನ ಅಥವಾ ಪಿಂಗಾಣಿಯ ತೂಕದ ಕುಂಡದೊಳಗೆ ಇಡುವುದನ್ನು ಮರೆಯಬಾರದು.

ಇಷ್ಟೆಲ್ಲ ಎಚ್ಚರದ ನಡುವೆಯೂ ತುದಿ ಮುರಿದರೆ ದಂಟನ್ನು ಬುಡದಿಂದ ಕತ್ತರಿಸಬೇಡಿ. ಮುರಿದ ಜಾಗದ ಕೆಳಗೆ ಗಂಟುಗಳು ಉಳಿದಿದ್ದರೆ, ಗಿಡಕ್ಕೆ ಶಕ್ತಿಯಿದ್ದರೆ, ಕೆಲವು ವಾರಗಳಲ್ಲಿ ಅವುಗಳಲ್ಲೊಂದು ಪಕ್ಕದ ಕವಲನ್ನು ಹೊರಡಿಸಬಹುದು. ಹೂಗಳು ತಡವಾಗಿ, ಕಡಿಮೆ ಸಂಖ್ಯೆಯಲ್ಲಿ ಬರುತ್ತವೆ, ಅಷ್ಟೇ.

ಮೊಗ್ಗು ಹಳದಿಯಾಗಿ ಉದುರುವುದು

ದಂಟು ನೀಳವಾಗಿ ಬೆಳೆದು, ಕಡಲೆಕಾಳಿನ ಗಾತ್ರದ ಮೊಗ್ಗುಗಳು ಸಾಲುಗಟ್ಟಿದ ಮೇಲೆ ಅವೆಲ್ಲ ಎರಡು ಮೂರು ದಿನದಲ್ಲಿ ಹಳದಿಯಾಗಿ ಸುಕ್ಕುಗಟ್ಟಿ ಬೀಳುವುದುಂಟು. ಇದು ರೋಗವಲ್ಲ, ಪರಿಸರದಲ್ಲಿ ಆದ ಯಾವುದೋ ಏರುಪೇರಿಗೆ ಗಿಡ ಕೊಟ್ಟ ಉತ್ತರ. ಬೇರು ಪೂರ್ತಿ ಒಣಗಿದ್ದು, ಜಾಗ ಬದಲಾದದ್ದು, ರಾತ್ರಿಯ ಶೀತಗಾಳಿ ಅಥವಾ ನಿಲ್ಲಿಸಿದ ಕಾರಿನೊಳಗಿನ ಸೆಕೆ ಇವು ಸಾಮಾನ್ಯ ಕಾರಣಗಳು. ನಮ್ಮ ಮನೆಗಳಲ್ಲಿ ಇನ್ನೊಂದು ಕಾರಣ ಇವುಗಳಷ್ಟೇ ಮುಖ್ಯವಾಗಿದ್ದರೂ ಅದರತ್ತ ಗಮನ ಹೋಗುವುದು ಕಡಿಮೆ: ಎಥಿಲೀನ್ ಅನಿಲ.

ಹಣ್ಣಾಗುತ್ತಿರುವ ಬಾಳೆ, ಮಾವು, ಸೇಬುಗಳು ಈ ಅನಿಲವನ್ನು ಹೊರಬಿಡುತ್ತವೆ. ಪೂರ್ತಿ ಉರಿಯದ ವಸ್ತುವಿನ ಹೊಗೆಯಲ್ಲೂ ಅದು ಇರುತ್ತದೆ. ಹಳ್ಳಿಗಳಲ್ಲಿ ಬಾಳೆಗೊನೆಯನ್ನು ಮುಚ್ಚಿಟ್ಟು ಹೊಗೆ ಹಾಕಿ ಹಣ್ಣು ಮಾಡುವ ಪದ್ಧತಿ ಕೆಲಸ ಮಾಡುವುದು ಇದರಿಂದಲೇ. ಕಾಯಿಯನ್ನು ಹಣ್ಣು ಮಾಡುವ ಅದೇ ಅನಿಲ ಆರ್ಕಿಡ್ ಮೊಗ್ಗಿಗೆ ಮುದಿತನದ ಸೂಚನೆ ಕೊಡುತ್ತದೆ, ಅದೂ ಬಹಳ ಕಡಿಮೆ ಪ್ರಮಾಣದಲ್ಲಿದ್ದಾಗಲೇ. ದೇವರ ಕೋಣೆಯ ಪಕ್ಕದಲ್ಲಿ, ಊಟದ ಮೇಜಿನ ಹಣ್ಣಿನ ಬುಟ್ಟಿಯ ಬಳಿ, ಅಡುಗೆಮನೆಯ ಒಲೆಯ ಹತ್ತಿರ ಆರ್ಕಿಡ್ ಇಡುವುದು ಚೆಲುವಾಗಿ ಕಂಡರೂ ಮೊಗ್ಗಿರುವ ಗಿಡಕ್ಕೆ ಅವು ತಕ್ಕ ಜಾಗಗಳಲ್ಲ. ಚಳಿಗೆ ಕಿಟಕಿ ಮುಚ್ಚಿಕೊಂಡು ಊದುಬತ್ತಿ, ಧೂಪ, ಸೊಳ್ಳೆಬತ್ತಿ ಹಚ್ಚುವ ಕೋಣೆಯಲ್ಲಿ ಹೊಗೆ ಹೊರಹೋಗಲು ದಾರಿಯಿಲ್ಲದೆ ತೊಂದರೆ ಇನ್ನೂ ಹೆಚ್ಚುತ್ತದೆ. ಗಿಡದ ಜಾಗ ಬದಲಿಸಲಾಗದಿದ್ದರೆ ಹಣ್ಣಿನ ಬುಟ್ಟಿಯ ಜಾಗವನ್ನಾದರೂ ಬದಲಿಸಿ, ದಿನಕ್ಕೆ ಸ್ವಲ್ಪ ಹೊತ್ತು ಕಿಟಕಿ ತೆರೆದು ಗಾಳಿಯಾಡಲು ಬಿಡಿ.

ಉದುರುವ ರೀತಿಯನ್ನು ಗಮನಿಸಿದರೆ ಕಾರಣ ಹುಡುಕುವುದು ಸುಲಭ. ಎಲ್ಲ ಮೊಗ್ಗುಗಳೂ ಏಕಕಾಲಕ್ಕೆ ಹಳದಿಯಾದರೆ ಅನಿಲ, ಬಾಯಾರಿಕೆ ಅಥವಾ ಉಷ್ಣಾಂಶದ ಏರುಪೇರು ಕಾರಣವಿರಬಹುದು. ಹಿಂದಿನ ಒಂದೆರಡು ವಾರದಲ್ಲಿ ಮನೆಯಲ್ಲಿ ಏನು ಬದಲಾಯಿತೆಂದು ನೆನಪಿಸಿಕೊಳ್ಳಿ. ಮೊಗ್ಗು ಸೊಟ್ಟಗಾಗಿ, ಮೈಮೇಲೆ ಗೀರು ಅಥವಾ ಚುಕ್ಕೆಗಳಿದ್ದರೆ ಥ್ರಿಪ್ಸ್ ನುಸಿಯನ್ನು ಶಂಕಿಸಬೇಕು. ತುದಿಯ ಒಂದೆರಡು ಅತಿ ಚಿಕ್ಕ ಮೊಗ್ಗುಗಳು ಮಾತ್ರ ಒಣಗಿದರೆ ಅದು ಸಹಜ. ತನ್ನಿಂದ ಎಷ್ಟು ಹೂ ಸಾಧ್ಯವೋ ಅಷ್ಟಕ್ಕೆ ಗಿಡ ಲೆಕ್ಕ ಮುಗಿಸಿದೆ.

ಅಂಟು ಹನಿ, ಇರುವೆ, ಹಿಟ್ಟುತಿಗಣೆ

ಬೆಳೆಯುತ್ತಿರುವ ದಂಟಿನ ಗಂಟುಗಳ ಬಳಿ, ಮೊಗ್ಗಿನ ತೊಟ್ಟಿನಲ್ಲಿ, ಪಾರದರ್ಶಕವಾದ ಸಿಹಿ ಹನಿಗಳು ಕಾಣಿಸಿಕೊಂಡರೆ ಗಾಬರಿ ಬೇಡ. ಆರೋಗ್ಯವಾದ ಗಿಡವೇ ಅದನ್ನು ಒಸರುತ್ತದೆ. ಆದರೆ ಇರುವೆ ಆ ಸಿಹಿಗೆ ಬರುತ್ತದೆ, ಮತ್ತು ಇರುವೆ ಓಡಾಡುವ ಕಡೆ ಹಿಟ್ಟುತಿಗಣೆಯೂ ಸಸ್ಯಹೇನೂ ನೆಲೆಯೂರುವುದು ಸುಲಭ. ಅದು ಗಿಡ ಒಸರಿದ ಹನಿಯೋ, ಕೀಟ ಬಿಟ್ಟ ಅಂಟೋ ಎಂದು ತಿಳಿಯಲು ದಂಟಿನ ಗಂಟನ್ನು ಮುಚ್ಚಿರುವ ಒಣ ಹೊದಿಕೆಯನ್ನು ಸೂಜಿಯ ಮೊನೆಯಿಂದ ತುಸು ಎತ್ತಿ ನೋಡಬೇಕು. ಹಿಟ್ಟುತಿಗಣೆ ಬಿಳಿ ಹತ್ತಿಯ ಚೂರಿನಂತೆ ಅಡಗಿ ಕೂರುವುದು ಅಲ್ಲಿಯೇ. ಔಷಧದ ಅಂಗಡಿಯಲ್ಲಿ ಸಿಗುವ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿಕಡ್ಡಿಯನ್ನು ಅದ್ದಿ ಕೀಟದ ಮೇಲೆ ಮಾತ್ರ ಒತ್ತಿ ಒರೆಸಿ, ವಾರಕ್ಕೊಮ್ಮೆಯಂತೆ ಮೂರು ನಾಲ್ಕು ವಾರ ಮತ್ತೆ ಮತ್ತೆ ನೋಡುತ್ತಿರಬೇಕು, ಏಕೆಂದರೆ ಮೊಟ್ಟೆಗಳು ಒಂದೇ ಸಲಕ್ಕೆ ಸಾಯುವುದಿಲ್ಲ. ಬೇವಿನೆಣ್ಣೆಯ ಸಿಂಪರಣೆ ಎಲೆಗಳಿಗೆ ಸರಿ. ಮೊಗ್ಗುಗಳಿಗೆ ಅದು ಕಲೆ ಮಾಡುತ್ತದೆ. ಗಿಡ ಬಾಲ್ಕನಿಯಲ್ಲಿದ್ದರೆ ಬಸವನಹುಳುವಿಗೂ ಕಣ್ಣಿಡಬೇಕು. ಅದು ರಾತ್ರಿ ಬರುತ್ತದೆ, ಎಳೆಯ ತುದಿಯನ್ನೇ ಆರಿಸಿ ತಿನ್ನುತ್ತದೆ, ಬೆಳಿಗ್ಗೆ ಹೊಳೆಯುವ ಜಾಡನ್ನು ಮಾತ್ರ ಉಳಿಸಿ ಹೋಗುತ್ತದೆ. ಕುಂಡವನ್ನು ನೆಲದಿಂದ ಎತ್ತರದಲ್ಲಿ, ಗೋಡೆಗೆ ತಗಲದಂತೆ ಇಡುವುದೇ ಇದಕ್ಕೆ ಪರಿಹಾರ.

ಮೊದಲ ಹೂವು ಅರಳಿದ ಮೇಲೆ

ಬುಡದ ಕಡೆಯ ಮೊಗ್ಗು ಮೊದಲು ಅರಳಿ, ಉಳಿದವು ಕೆಲವು ದಿನಗಳ ಅಂತರದಲ್ಲಿ ತುದಿಯ ಕಡೆಗೆ ಅರಳುತ್ತ ಹೋಗುತ್ತವೆ. ಗಿಡವನ್ನು ಹಜಾರಕ್ಕೋ ಮೇಜಿನ ಮೇಲಕ್ಕೋ ಒಯ್ಯಬೇಕೆಂದಿದ್ದರೆ ಕನಿಷ್ಠ ಮುಕ್ಕಾಲುಪಾಲು ಮೊಗ್ಗು ಅರಳುವವರೆಗೆ ತಡೆಯಬೇಕು; ಅರಳಿದ ಹೂವು ಸ್ಥಳಾಂತರವನ್ನು ತಾಳಿಕೊಳ್ಳುತ್ತದೆ, ಮೊಗ್ಗು ತಾಳಿಕೊಳ್ಳುವುದಿಲ್ಲ. ತಂಪಾದ, ಹೊಗೆಯಿಲ್ಲದ ಜಾಗದಲ್ಲಿ ಹೂಗಳು ಎರಡು ಮೂರು ತಿಂಗಳು ನಿಲ್ಲುತ್ತವೆ.

ಹೂವೆಲ್ಲ ಉದುರಿದ ಮೇಲೆ, ದಂಟು ಇನ್ನೂ ಹಸಿರಾಗಿದ್ದು ಎಲೆಗಳು ಬಿಗಿಯಾಗಿದ್ದರೆ, ಬುಡದಿಂದ ಮೂರನೆಯ ಗಂಟಿನ ಒಂದು ಸೆಂಟಿಮೀಟರ್ ಮೇಲೆ ಕತ್ತರಿಸಿ ಮತ್ತೊಂದು ಕವಲಿಗೆ ಕಾಯಬಹುದು. ಗಿಡ ದಣಿದಂತೆ ಕಂಡರೆ, ಅಥವಾ ಏಪ್ರಿಲಿನ ಸೆಕೆ ಎದುರಿಗಿದ್ದರೆ, ಕವಲಿನ ಆಸೆ ಬಿಟ್ಟು ಬುಡದಲ್ಲಿಯೇ ಕತ್ತರಿಸುವುದು ಮೇಲು. ಮುಂಗಾರು ಮಳೆಯ ತಿಂಗಳುಗಳಲ್ಲಿ ಬರುವ ಹೊಸ ಎಲೆಗಳ ಬಲದ ಮೇಲೆಯೇ ಮುಂದಿನ ಚಳಿಗಾಲದ ದಂಟು ನಿಲ್ಲಬೇಕು. ಕತ್ತರಿಯ ಅಲಗನ್ನು ಪ್ರತಿ ಗಿಡಕ್ಕೂ ಮುನ್ನ ಬೆಂಕಿಯಲ್ಲಿ ಕಾಯಿಸಿ ಆರಿಸಿಕೊಳ್ಳಿ, ಏಕೆಂದರೆ ಆರ್ಕಿಡ್‌ಗಳಿಗೆ ಬರುವ ನಂಜುರೋಗಗಳಿಗೆ ಮದ್ದಿಲ್ಲ, ಮತ್ತು ಅವು ಒಂದು ಗಿಡದ ರಸದಿಂದ ಇನ್ನೊಂದಕ್ಕೆ ದಾಟುವುದು ಕತ್ತರಿಯ ಅಲಗಿನ ಮೂಲಕವೇ ಹೆಚ್ಚು. ಕತ್ತರಿಸಿದ ಬಾಯಿಗೆ ಚಿಟಿಕೆ ದಾಲ್ಚಿನ್ನಿ ಪುಡಿ ಒತ್ತಬಹುದು. ಅದು ಬೇರಿನ ಮೇಲೆ ಉದುರದಂತೆ ನೋಡಿಕೊಳ್ಳಿ, ಬೇರನ್ನು ಒಣಗಿಸುತ್ತದೆ. ಮುಂದೂಡಿದ್ದ ಕುಂಡ ಬದಲಾವಣೆಯನ್ನು ಈಗ ಮಾಡಿಕೊಳ್ಳಬಹುದು.